ಎರಡನೇ ತಪ್ಪಿನ ಲೆಕ್ಕ

ಊರಲ್ಲಿ ಒಂದು ಬೈಕು ಕಳುವಾದರೆ ಸಾಕು, ಸಂಜೆಯ ಹೊತ್ತಿಗೆ ಚಹಾದಂಗಡಿಯಲ್ಲಿ ತೀರ್ಪು ಬಂದುಬಿಟ್ಟಿರುತ್ತದೆ. ‘ಇಂಥವರ ಕೈ ಕಡದ ಬಿಡಬೇಕ್ರಿ’ ಎನ್ನುವವರು ಒಬ್ಬರು. ‘ದಂಡಂ ದಶಗುಣಂ ಅಂತ ಹಿರ್ಯಾರು ಸುಮ್ಮನ ಹೇಳ್ಯಾರೇನು’ ಎಂದು ತಲೆ ಆಡಿಸುವವರು ಇನ್ನೊಬ್ಬರು. ಮೂಲೆಯಲ್ಲಿ ಕೂತ ಮೂರನೆಯವರು ಮಾತ್ರ ಬೇರೆಯದೇ ಒಂದು ಮಾತು ಹೇಳುತ್ತಾರೆ: ‘ಅಂವಾ ಮೊನ್ನೆನ ಜಾಮೀನ ಮ್ಯಾಲೆ ಹೊರಗ ಬಂದಿದ್ದ. ಮತ್ತ ಅದನ್ನ ಮಾಡ್ಯಾನ.’

ಮೊದಲಿಬ್ಬರ ಮಾತು ಸಿಟ್ಟಿನದು, ಅದು ಚಹಾದ ಜೊತೆಗೇ ಆರುತ್ತದೆ. ಮೂರನೆಯವರ ಮಾತು ಆರುವುದಿಲ್ಲ. ಒಮ್ಮೆ ಸಿಕ್ಕಿಬಿದ್ದವನು, ಪೊಲೀಸ್ ಠಾಣೆ ಕಂಡವನು, ಮನೆಯವರ ಮುಂದೆ ತಲೆ ತಗ್ಗಿಸಿದವನು ಮತ್ತೆ ಅದನ್ನೇ ಏಕೆ ಮಾಡುತ್ತಾನೆ? ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ರಾಮದುರ್ಗದಂಥ ತಾಲ್ಲೂಕಿನಲ್ಲಿ ಕಳ್ಳತನ, ಮಟಕಾ, ಕಳ್ಳಬಟ್ಟಿ ಕೇಸುಗಳಲ್ಲಿ ಸಿಕ್ಕಿಬೀಳುವವರಲ್ಲಿ ನಮ್ಮ ವಯಸ್ಸಿನವರೂ ಇದ್ದಾರೆ. ನಮ್ಮ ಜೊತೆ ಶಾಲೆಯ ಮೈದಾನದಲ್ಲಿ ಆಡಿದವರನ್ನು ಹುಟ್ಟುಗುಣದ ಲೆಕ್ಕಕ್ಕೆ ಹಾಕಿ ಸುಮ್ಮನಿರುವುದು ನನಗೆ ಸಾಧ್ಯವಾಗಿಲ್ಲ. ಹಾಗಾಗಿ ಈ ಪ್ರಶ್ನೆಯನ್ನು ಸಿಟ್ಟು ಬದಿಗಿಟ್ಟು, ಕಿರಾಣಿ ಅಂಗಡಿಯ ಖಾತೆಪುಸ್ತಕದಂತೆ ಬಿಡಿಸಿ ನೋಡೋಣ.

ಹೀಗೆ ಲೆಕ್ಕ ಹಾಕಿ ನೋಡಬಹುದೆಂದು ತೋರಿಸಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಅವರದು. ಒಂದು ದಿನ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬನ ಮೌಖಿಕ ಪರೀಕ್ಷೆಗೆ ಹೋಗಬೇಕಿತ್ತು, ತಡವಾಗಿತ್ತು. ಕಾರನ್ನು ಹಣ ಕೊಟ್ಟು ನಿಲ್ದಾಣದಲ್ಲಿ ನಿಲ್ಲಿಸಬೇಕೇ, ನಿಷೇಧವಿದ್ದ ಬೀದಿಯಲ್ಲೇ ನಿಲ್ಲಿಸಿ ಓಡಬೇಕೇ? ಸಿಕ್ಕಿಬೀಳುವ ಸಂಭವ ಎಷ್ಟು, ಸಿಕ್ಕರೆ ದಂಡ ಎಷ್ಟು, ನಿಲ್ದಾಣದ ಬಾಡಿಗೆ ಎಷ್ಟು ಎಂದು ಮನಸ್ಸಿನಲ್ಲೇ ಗುಣಿಸಿ ಅವರು ಬೀದಿಯಲ್ಲೇ ನಿಲ್ಲಿಸಿದರು. ಪರೀಕ್ಷಾ ಕೊಠಡಿಗೆ ನಡೆಯುವಾಗಲೇ ಅವರಿಗೆ ಹೊಳೆದದ್ದು, ದಂಡ ಹಾಕುವ ಸರಕಾರವೂ ಇದೇ ಲೆಕ್ಕ ಹಾಕಿರಬೇಕಲ್ಲವೇ ಎಂದು. ಈ ವಿಚಾರವನ್ನು ಬೆಳೆಸಿ 1968ರಲ್ಲಿ ಅವರು ಅಪರಾಧ ಮತ್ತು ಶಿಕ್ಷೆಯ ಬಗ್ಗೆ ಬರೆದ ಲೇಖನ ಇಂದಿಗೂ ಓದಿಸಿಕೊಳ್ಳುತ್ತದೆ. 1992ರಲ್ಲಿ ಅವರಿಗೆ ನೊಬೆಲ್ ಬಂತು. ಆ ಪ್ರಶಸ್ತಿಯ ಭಾಷಣದಲ್ಲಿ ಈ ಕಾರಿನ ಕತೆಯನ್ನು ಅವರೇ ಹೇಳಿಕೊಂಡಿದ್ದಾರೆ.

ನಮ್ಮಲ್ಲಿ ಕಾರಿಗಿಂತ ಬೈಕಿನ ಲೆಕ್ಕ ಹತ್ತಿರವಾದೀತು. ಹೆಲ್ಮೆಟ್ ಇಲ್ಲದೆ ಓಡಿಸಿದರೆ ಐದುನೂರು ರೂಪಾಯಿ ದಂಡ. ಇನ್ನೂರು ಸಲ ಹೋದಾಗ ಒಂದು ಸಲ ಹಿಡಿಯುತ್ತಾರೆ ಎಂದಿಟ್ಟುಕೊಳ್ಳಿ. ಆಗ ಒಂದು ಸಲಕ್ಕೆ ಬೀಳುವ ‘ದರ’ ಎರಡೂವರೆ ರೂಪಾಯಿ. ಈಗ ದಂಡವನ್ನು ಸಾವಿರಕ್ಕೆ ಏರಿಸಿ, ಆದರೆ ಸಾವಿರ ಸಲಕ್ಕೆ ಒಮ್ಮೆ ಮಾತ್ರ ಹಿಡಿಯಿರಿ. ದರ ಒಂದು ರೂಪಾಯಿಗೆ ಇಳಿಯಿತು! ಕಾಗದದ ಮೇಲೆ ಶಿಕ್ಷೆ ಇಮ್ಮಡಿಯಾಗಿದೆ, ರಸ್ತೆಯ ಮೇಲೆ ಅರ್ಧಕ್ಕಿಂತಲೂ ಅಗ್ಗವಾಗಿದೆ. ಬೆಕರ್‌ಗಿಂತ ಇನ್ನೂರು ವರ್ಷ ಹಿಂದೆ, 1764ರಲ್ಲಿ, ಇಟಲಿಯ ಬೆಕಾರಿಯಾ ಇದನ್ನೇ ಇನ್ನೊಂದು ರೀತಿ ಹೇಳಿದ್ದರು: ಜನರನ್ನು ತಡೆಯುವುದು ಶಿಕ್ಷೆಯ ಕ್ರೌರ್ಯಕ್ಕಿಂತ ಅದು ತಪ್ಪದೇ ಬರುತ್ತದೆ ಎಂಬ ಖಾತ್ರಿ, ಮತ್ತು ಬೇಗ ಬರುತ್ತದೆ ಎಂಬ ಅರಿವು.

ನಾವು ಮಾಡಿದ್ದೇನು? ಕೇಂದ್ರ ಸರಕಾರ 2019ರ ಸೆಪ್ಟೆಂಬರ್ 1ರಿಂದ ಸಂಚಾರ ದಂಡಗಳನ್ನು ಹಲವು ಪಟ್ಟು ಏರಿಸಿತು. ಗದ್ದಲವಾಯಿತು, ಅದೇ ತಿಂಗಳಲ್ಲಿ ನಮ್ಮ ರಾಜ್ಯ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ಟಿನದು ಸಾವಿರದಿಂದ ಐದುನೂರಾಯಿತು. ಅದಾದರೂ ಇರಲಿ. 2023ರ ಫೆಬ್ರುವರಿಯಲ್ಲಿ ಬಾಕಿ ಉಳಿದ ದಂಡ ಕಟ್ಟುವವರಿಗೆ ಅರ್ಧಕ್ಕರ್ಧ ರಿಯಾಯಿತಿ ಘೋಷಿಸಲಾಯಿತು. ಕೆಲವೇ ದಿನಗಳಲ್ಲಿ ಬೆಂಗಳೂರು ಒಂದರಲ್ಲೇ ನೂರು ಕೋಟಿ ರೂಪಾಯಿಗೂ ಹೆಚ್ಚು ಜಮೆಯಾಯಿತು ಎಂದು ಎಲ್ಲರೂ ಹಿಗ್ಗಿದರು. ಆಮೇಲೆ ಮತ್ತೆ ಮತ್ತೆ ಅದೇ ರಿಯಾಯಿತಿ ಬಂತು, 2025ರಲ್ಲೂ ಬಂತು. ದಸರೆ ದೀಪಾವಳಿಗೆ ಬಟ್ಟೆಯಂಗಡಿಯವರು ರಿಯಾಯಿತಿ ಕೊಡುವುದು ಸರಿ. ದಂಡಕ್ಕೂ ಹಬ್ಬದ ಮಾರಾಟ ಬಂದರೆ? ಹಿಡಿದ ದಿನವೇ ಪೂರ್ತಿ ದಂಡ ಕಟ್ಟಿದ ಮರ್ಯಾದಸ್ಥ ನಷ್ಟಕ್ಕೊಳಗಾದ. ಹದಿನೈದು ಇಪ್ಪತ್ತು ಚಲನ್ ಬಾಕಿ ಇಟ್ಟುಕೊಂಡು ‘ತಡೀರಿ, ಮತ್ತ ಅರ್ಧಾ ಮಾಡ್ತಾರ’ ಎಂದು ಕೂತವನು ಲಾಭ ಮಾಡಿಕೊಂಡ. ಪದೇ ಪದೇ ತಪ್ಪು ಮಾಡಿದವನಿಗೇ ಸಗಟು ದರ! ಬೊಕ್ಕಸ ತುಂಬುವುದೂ ತಪ್ಪು ತಡೆಯುವುದೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಕಳ್ಳತನಕ್ಕೆ ಬರೋಣ. ಮಲಪ್ರಭೆಯ ದಂಡೆಯ ರೈತರನ್ನು ಕೇಳಿದರೆ ಅವರು ಮೊದಲು ಹೇಳುವುದು ಪಂಪ್‌ಸೆಟ್ಟಿನ ಕೇಬಲ್ಲಿನ ಕತೆ. ರಾತ್ರಿ ಕೇಬಲ್ ಕತ್ತರಿಸಿ ಒಯ್ದು, ಮೇಲಿನ ಹೊದಿಕೆ ಸುಟ್ಟು, ಒಳಗಿನ ತಾಮ್ರವನ್ನು ಗುಜರಿಗೆ ಹಾಕುತ್ತಾರೆ. ಕದ್ದವನ ಕೈಗೆ ಬರುವುದು ಗುಜರಿಯವನು ಕೊಟ್ಟಷ್ಟು. ರೈತನಿಗೆ ಹೋಗುವುದು ಹೊಸ ಕೇಬಲ್ಲಿನ ಪೂರ್ತಿ ಬೆಲೆ, ಮೆಕ್ಯಾನಿಕ್ಕಿನ ಕೂಲಿ, ಅದೆಲ್ಲ ಆಗುವವರೆಗೆ ನೀರು ಕಾಣದೆ ಬಾಡುವ ಕಬ್ಬು, ಗೋವಿನಜೋಳ. ಅಂದರೆ ಕಳ್ಳನ ಲಾಭಕ್ಕಿಂತ ಊರಿನ ನಷ್ಟ ಎಷ್ಟೋ ಪಟ್ಟು ದೊಡ್ಡದು. ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೂ ಇಂಥ ಕಳ್ಳತನ ‘ಸಣ್ಣ’ದಲ್ಲ. ಐನೂರು ರೂಪಾಯಿಯ ತಾಮ್ರ ಎಂದು ಠಾಣೆಯಲ್ಲಿ ಯಾರಾದರೂ ಹಗುರವಾಗಿ ಮಾತಾಡಿದರೆ ರೈತನಿಗೆ ಸಿಟ್ಟು ಬರುವುದು ನ್ಯಾಯವೇ.

ಆದರೆ ಇದೇ ಲೆಕ್ಕ ಇನ್ನೊಂದು ಬಾಗಿಲನ್ನೂ ತೋರಿಸುತ್ತದೆ. ಕದ್ದ ತಾಮ್ರವನ್ನು ಯಾರೂ ತಿನ್ನುವುದಿಲ್ಲ. ಕೊಳ್ಳುವವನಿದ್ದರೆ ಮಾತ್ರ ಅದಕ್ಕೆ ಬೆಲೆ. ಕತ್ತಲಲ್ಲಿ ಮೈಲಿಗಟ್ಟಲೆ ಹಬ್ಬಿದ ಹೊಲಗಳನ್ನು ಕಾಯುವುದು ಯಾವ ಠಾಣೆಯಿಂದಲೂ ಆಗದ ಮಾತು. ಆದರೆ ಒಂದು ತಾಲ್ಲೂಕಿನಲ್ಲಿ ಗುಜರಿ ಅಂಗಡಿಗಳು ಎಷ್ಟಿದ್ದಾವು? ಬೆರಳು ಮಡಿಚಿ ಎಣಿಸಬಹುದು. ಸುಟ್ಟ ತಾಮ್ರ ತಂದವನ ಹೆಸರು, ಫೋಟೋ, ಗುರುತಿನ ಚೀಟಿ ಬರೆದಿಡುವಂತೆ ಮಾಡಿ, ವಾರಕ್ಕೊಮ್ಮೆ ಪುಸ್ತಕ ನೋಡಿದರೆ ಕಳ್ಳನ ಸರಕಿನ ಬೆಲೆಯೇ ಬಿದ್ದುಹೋಗುತ್ತದೆ. ಕಳವಿನ ಮಾಲು ಎಂದು ಗೊತ್ತಿದ್ದೂ ಕೊಳ್ಳುವುದು ಸ್ವತಃ ಅಪರಾಧ, ಕಾನೂನಿನಲ್ಲಿ ಅದಕ್ಕೆ ಶಿಕ್ಷೆಯೂ ಇದೆ. ಆದರೂ ಪತ್ರಿಕೆಯಲ್ಲಿ ಮಂಡಿಯೂರಿ ಕೂತ ಹುಡುಗರ ಫೋಟೋ ಕಂಡಷ್ಟು ಸಲ ಕೊಂಡವರ ಫೋಟೋ ಕಂಡ ನೆನಪು ನನಗಿಲ್ಲ.

ಮಟಕಾದ ಸಂಗತಿ ಇನ್ನೂ ಸ್ವಾರಸ್ಯದ್ದು. ನಮ್ಮ ಕಡೆ ಇದಕ್ಕೆ ‘ಓಸಿ’ ಎಂದೂ ಹೆಸರು. ಓಪನ್, ಕ್ಲೋಜ್ ಎಂಬುದರ ಮೊಟಕು ರೂಪ. ಮುಂಬೈಯಲ್ಲಿ ಒಂದು ಕಾಲಕ್ಕೆ ಹತ್ತಿಯ ಪೇಟೆ ತೆರೆಯುವಾಗಿನ, ಮುಚ್ಚುವಾಗಿನ ದರದ ಮೇಲೆ ಬಾಜಿ ಕಟ್ಟುತ್ತಿದ್ದರು, ಆ ಆಟದ ಮರಿಮಗ ಇದು. ನೇಕಾರರ ಊರಾದ ರಾಮದುರ್ಗಕ್ಕೆ ಹತ್ತಿಯ ಹೆಸರಿನಲ್ಲಿ ಹೀಗೊಂದು ನಂಟು ಬಂದದ್ದು ವಿಧಿಯ ಕುಚೋದ್ಯ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಅಂಕಿ. ಹಚ್ಚಿದ ಅಂಕಿ ಬಂದರೆ ಒಂದು ರೂಪಾಯಿಗೆ ಎಂಬತ್ತು ಎಂಬುದು ವಾಡಿಕೆಯ ದರ. ಎಲ್ಲ ಅಂಕಿಗೂ ಒಂದೊಂದು ರೂಪಾಯಿ ಬಿದ್ದರೆ ನೂರು ರೂಪಾಯಿ ಬಂತು, ಎಂಬತ್ತು ಹೋಯಿತು, ಇಪ್ಪತ್ತು ಬುಕ್ಕಿಗೆ ಉಳಿಯಿತು. ಮಗ್ಗದ ಮುಂದೆ ದಿನವಿಡೀ ಕೂತು ದುಡಿದವನ ನೂರರಲ್ಲಿ ಇಪ್ಪತ್ತು ಹೀಗೆ ಸದ್ದಿಲ್ಲದೆ ಸೋರುತ್ತದೆ.

ಈಗ ಚೀಟಿ ಬರೆಯುವವನ ಖಾತೆ ತೆಗೆಯೋಣ. ಬರಿಯ ಲೆಕ್ಕಕ್ಕಾಗಿ ಅಂಕಿ ಹಿಡಿಯುತ್ತೇನೆ: ದಿನಕ್ಕೆ ನಾಲ್ಕು ಸಾವಿರದ ಚೀಟಿ, ರೂಪಾಯಿಗೆ ಹತ್ತು ಪೈಸೆ ಕಮಿಶನ್. ದಿನಕ್ಕೆ ನಾನೂರು, ವರ್ಷಕ್ಕೆ ಸುಮಾರು ಒಂದು ಲಕ್ಷ ನಲವತ್ತು ಸಾವಿರ. ವರ್ಷಕ್ಕೆ ಎರಡು ಸಲ ಸಿಕ್ಕಿಬಿದ್ದ ಎನ್ನಿ. ಜಪ್ತಿಯಾದ ಹಣ, ದಂಡ, ವಕೀಲರ ಫೀ ಎಲ್ಲ ಸೇರಿ ಒಂದೊಂದು ಸಲಕ್ಕೆ ಐದು ಸಾವಿರ. ಒಟ್ಟು ಹತ್ತು ಸಾವಿರ, ಅಂದರೆ ಒಂದು ತಿಂಗಳ ಗಳಿಕೆಗೂ ಕಡಿಮೆ. ಅವನ ಪಾಲಿಗೆ ಇದು ಶಿಕ್ಷೆಯಲ್ಲ, ಅಂಗಡಿಯ ಬಾಡಿಗೆ. ಕರ್ನಾಟಕ ಪೊಲೀಸ್ ಕಾಯ್ದೆಯ 78ನೇ ಕಲಮಿನಲ್ಲಿ ಇವನ ಮೇಲೆ ಕೇಸಾಗುತ್ತದೆ. 2021ರಲ್ಲಿ ಈ ಕಾಯ್ದೆಯ ಜೂಜಿನ ಶಿಕ್ಷೆಗಳನ್ನು ಬಿಗಿಗೊಳಿಸಲಾಯಿತು, ಒಳ್ಳೆಯದೇ. ಆದರೆ ಅವನನ್ನು ಒಳಗೆ ಹಾಕಿದ ಮರುದಿನ ಅದೇ ಕಟ್ಟೆಯ ಮೇಲೆ ಇನ್ನೊಬ್ಬ ಕೂತಿರುತ್ತಾನೆ. ಕೂತದ್ದು ಕಾಣದಿದ್ದರೆ ಚೀಟಿ ಮೊಬೈಲಿಗೆ ಹೋಗಿದೆ ಎಂದು ಅರ್ಥ. ಮನೆ ಒಡೆಯುವ ಕಳ್ಳನೊಬ್ಬ ಜೈಲಿಗೆ ಹೋದರೆ ಊರಿನಲ್ಲಿ ಒಬ್ಬ ಕಳ್ಳ ಕಡಿಮೆಯಾದ. ಚೀಟಿ ಬರೆಯುವವ ಹೋದರೆ ಒಂದು ನೌಕರಿ ಖಾಲಿಯಾಯಿತು, ಅಷ್ಟೇ. ನೌಕರಿ ಇಲ್ಲದ ಹುಡುಗರಿಗೆ ನಮ್ಮಲ್ಲಿ ಬರಗಾಲವಿಲ್ಲ. ಬುಕ್ಕಿಯ ಬೆನ್ನು ಹತ್ತದೆ ಚೀಟಿಯವನನ್ನೇ ಹತ್ತು ಸಲ ಹಿಡಿದರೆ ಠಾಣೆಯ ಅಂಕಿಅಂಶಕ್ಕೆ ಹತ್ತು ಕೇಸು ಸೇರುತ್ತವೆ, ಆಟ ನಿಲ್ಲುವುದಿಲ್ಲ.

ಹಾಗಾದರೆ ಪದೇ ಪದೇ ತಪ್ಪು ಮಾಡುವವನಿಗೆ ಹೆಚ್ಚಿನ ಶಿಕ್ಷೆ ಬೇಡವೇ? ಬೇಕು, ಕಾನೂನಿನಲ್ಲಿ ಅದು ಮೊದಲಿನಿಂದಲೂ ಇದೆ. ಹಳೆಯ ದಂಡ ಸಂಹಿತೆಯ 75ನೇ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 13ನೇ ಕಲಮು ಎರಡೂ ಒಂದೇ ಮಾತು ಹೇಳುತ್ತವೆ: ಆಸ್ತಿಗೆ ಸಂಬಂಧಿಸಿದ ಕೆಲವು ಅಪರಾಧಗಳಲ್ಲಿ ಒಮ್ಮೆ ಶಿಕ್ಷೆಯಾದವನು ಮತ್ತೆ ಅಂಥದ್ದನ್ನೇ ಮಾಡಿದರೆ ಹತ್ತು ವರ್ಷದವರೆಗೆ, ಇಲ್ಲವೇ ಜೀವಾವಧಿ ಶಿಕ್ಷೆಯನ್ನೂ ಕೊಡಬಹುದು. ಸಾದಾ ಕಳ್ಳತನಕ್ಕೆ ಮೊದಲ ಸಲ ಮೂರು ವರ್ಷದವರೆಗೆ. ಎರಡನೇ ಸಲ ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಐದು ವರ್ಷದವರೆಗೆ ಕಠಿಣ ಸಜೆ. ಇಷ್ಟು ಬಿಗಿ ಇದ್ದ ಮೇಲೆ ಇನ್ನೇನು ಬೇಕು?

ಸೋರುವುದು ‘ಎರಡನೇ ಸಲ’ ಎಂಬ ಮಾತಿನಲ್ಲಿ. ನ್ಯಾಯಾಲಯಕ್ಕೆ ಎರಡನೇ ಸಲ ಎಂದರೆ ಮೊದಲನೆಯದು ಸಾಬೀತಾಗಿ ಶಿಕ್ಷೆಯಾದ ಮೇಲಿನದು. ಮೊದಲನೆಯದೇ ವರ್ಷಗಟ್ಟಲೆ ತಾರೀಖಿನಿಂದ ತಾರೀಖಿಗೆ ಹೋಗುತ್ತಿದ್ದರೆ ಹತ್ತು ಕೇಸಿನ ಆಸಾಮಿಯೂ ಕಾನೂನಿನ ಕಣ್ಣಿಗೆ ಮೊದಲ ಸಲದವನೇ. ಹಾಗಾಗಿ ಪುಸ್ತಕದಲ್ಲಿರುವ ಆ ಹತ್ತು ವರ್ಷ ಯಾರನ್ನೂ ಹೆದರಿಸುವುದಿಲ್ಲ. ಆದರೆ ಊರಿನಲ್ಲಿ ಇನ್ನೊಂದು ಖಾತೆಪುಸ್ತಕ ಇದೆ, ಅದು ಠಾಣೆಯದು. ರೌಡಿ ಶೀಟು, ಎಂ.ಓ.ಬಿ. ಪಟ್ಟಿ. ಇದಕ್ಕೆ ಶಿಕ್ಷೆಯಾಗುವವರೆಗೆ ಕಾಯುವ ತಾಪತ್ರಯವಿಲ್ಲ. ಹೆಸರು ಒಮ್ಮೆ ಏರಿತೆಂದರೆ ಚುನಾವಣೆ ಬಂದರೂ ಗಣಪತಿ ಹಬ್ಬ ಬಂದರೂ ಪರೇಡಿಗೆ ಕರೆ. ಊರಲ್ಲಿ ಯಾರದೇ ಮನೆಯಲ್ಲಿ ಏನೇ ಕಳುವಾದರೂ ಮೊದಲ ವಿಚಾರಣೆ ಇವನದು. ಒಂದು ಪುಸ್ತಕ ಬರೆಯುವುದಕ್ಕೇ ತಡ, ಇನ್ನೊಂದು ಅಳಿಸುವುದಕ್ಕೆ ತಡ. ಈ ಎರಡರ ನಡುವೆ ಹುಡುಗರು ಕೆಡುತ್ತಾರೆ ಎಂಬುದೇ ನನ್ನ ಮಾತಿನ ತಿರುಳು.

ನನಗೆ ಪರಿಚಯದ ಒಬ್ಬ ಹುಡುಗನಿದ್ದಾನೆ, ಹೆಸರು ಬೇಡ. ಐಟಿಐ ಓದುತ್ತಿದ್ದಾಗ ಗೆಳೆಯನೊಬ್ಬ ಕದ್ದು ತಂದ ಬೈಕಿನ ಮೇಲೆ ತಿರುಗಾಡಿ ಸಿಕ್ಕಿಬಿದ್ದ. ಕದ್ದದ್ದು ಅಂತ ಗೊತ್ತಿತ್ತೋ ಇಲ್ಲವೋ ಎಂಬುದನ್ನು ಕೋರ್ಟು ತೀರ್ಮಾನಿಸಬೇಕು, ನಾಲ್ಕು ವರ್ಷವಾದರೂ ತೀರ್ಮಾನವಾಗಿಲ್ಲ. ನಮ್ಮ ಕಡೆಯ ಎಷ್ಟೋ ಹುಡುಗರಂತೆ ಅವನೂ ಗೋವಾಕ್ಕೆ ದುಡಿಯಲು ಹೋದ. ತಾರೀಖಿಗೆ ಬರಬೇಕೆಂದರೆ ಹೋಗಿಬರುವ ಬಸ್ಸಿನ ಖರ್ಚು, ಎರಡು ದಿನದ ಪಗಾರ ಖೋತಾ, ಮೇಸ್ತ್ರಿಯ ಮುಂದೆ ಒಂದು ಸುಳ್ಳು. ಒಂದು ಸಲ ಬರಲಿಲ್ಲ, ವಾರಂಟ್ ಬಂತು. ವಾರಂಟ್ ಬಂತೆಂದು ಕೆಲಸ ಹೋಯಿತು. ಊರಿಗೆ ಬಂದು ಒಂದು ಕಂಪನಿಯಲ್ಲಿ ಅರ್ಜಿ ಹಾಕಿದರೆ ಪೊಲೀಸ್ ವೆರಿಫಿಕೇಶನ್ ಕೇಳಿದರು. ಅಲ್ಲಿಗೆ ಅದೂ ಮುಗಿಯಿತು. ಈಗ ಕೂಡಿಸಿ ಕಳೆದು ನೋಡಿ: ನೆಟ್ಟಗೆ ಬದುಕಲು ಅವನಿಗೆ ಬೀಳುವ ಖರ್ಚು ತಿಂಗಳಿಗೆ ತಿಂಗಳು ಏರುತ್ತಿದೆ. ಹಳೆಯ ಗೆಳೆಯ ಕರೆದ ಕಡೆ ಹೋಗಲು ಯಾವ ಖರ್ಚೂ ಇಲ್ಲ, ವೆರಿಫಿಕೇಶನ್ನೂ ಇಲ್ಲ. ಬೆಕರ್ ಅವರ ತಕ್ಕಡಿಯಲ್ಲಿ ಒಂದು ತಟ್ಟೆ ಅಪರಾಧದ್ದಾದರೆ ಇನ್ನೊಂದು ತಟ್ಟೆ ಪ್ರಾಮಾಣಿಕ ದುಡಿಮೆಯದು. ನಾವು ಮೊದಲ ತಟ್ಟೆಯ ಮೇಲೆ ಕಲ್ಲು ಹೇರುವ ಮಾತನ್ನೇ ಆಡುತ್ತೇವೆ. ಎರಡನೇ ತಟ್ಟೆಯಿಂದ ಕಾಳು ತೆಗೆಯುತ್ತಿರುವುದು ನಮಗೆ ಕಾಣುವುದಿಲ್ಲ. ಅವನು ಇನ್ನೂ ಆ ಕಡೆ ಹೋಗಿಲ್ಲ. ಎಷ್ಟು ದಿನ ತಡೆಯುತ್ತಾನೆ ಎಂದು ಅವನ ತಾಯಿ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

‘ಇವರು ಇಷ್ಟೇ, ಮತ್ತೆ ಮಾಡೇ ಮಾಡುತ್ತಾರೆ’ ಎಂಬ ನಂಬಿಕೆಯ ಮೇಲೆಯೇ ಒಂದು ಕಾಯ್ದೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ನೋಡಲು ನಾವು ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯಲ್ಲೂ ಗದಗ–ಬೆಟಗೇರಿಯಲ್ಲೂ ‘ಸೆಟ್ಲಮೆಂಟ್’ ಎಂಬ ಬಡಾವಣೆಗಳಿವೆ. ಅಲ್ಲಿಯ ಬಸ್ಸು ಹತ್ತುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ಕತೆ ಗೊತ್ತೋ! ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮೊದಲು ಉತ್ತರ ಭಾರತಕ್ಕಿದ್ದ ಅದು 1911ರ ಕಾಯ್ದೆಯ ಮೂಲಕ ಮುಂಬೈ ಪ್ರಾಂತಕ್ಕೂ ಬಂತು. ಆಗ ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಆದರೆ ಸುತ್ತಲಿನ ಬಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಮುಂಬೈ ಪ್ರಾಂತದವೇ. ಇಡೀ ಸಮುದಾಯವನ್ನೇ ಹುಟ್ಟಿನಿಂದ ಕಳ್ಳರೆಂದು ಪಟ್ಟಿ ಮಾಡಿ, ತಂತಿಬೇಲಿಯ ವಸಾಹತುಗಳಲ್ಲಿಟ್ಟು, ದಿನವೂ ಹಾಜರಿ ತೆಗೆದುಕೊಂಡು, ಹೊರಗೆ ಹೋಗಲು ಪಾಸು ಕೊಟ್ಟರು. ನಮ್ಮ ಭಾಗದಲ್ಲಿ ಈ ವ್ಯವಸ್ಥೆ ಕಟ್ಟಿದ ಅಧಿಕಾರಿ ಸ್ಟಾರ್ಟ್ ಎಂಬವರು. ಬಿಜಾಪುರದಲ್ಲಿ ಶುರುವಾದದ್ದು ಹುಬ್ಬಳ್ಳಿ, ಗದಗ, ಸೊಲ್ಲಾಪುರಕ್ಕೆ ಹಬ್ಬಿತು. ವಸಾಹತಿನವರು ಗಿರಣಿಗಳಲ್ಲಿ ದುಡಿದರು. ಬೇಲಿಯೊಳಗಿನ ಕೂಲಿಯವನು ಪಗಾರದ ಚೌಕಾಸಿ ಮಾಡಲಾರ, ಗಿರಣಿ ಮಾಲೀಕನಿಗೆ ಇದಕ್ಕಿಂತ ಏನು ಬೇಕು?

1952ರಲ್ಲಿ ಆ ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ರಾಜ್ಯಗಳಲ್ಲಿ ‘ರೂಢಿಗತ ಅಪರಾಧಿ’ಗಳ ಕಾಯ್ದೆಗಳು ಬಂದವು, ನಮ್ಮಲ್ಲಿ ಅದು 1961ರದು. ಗುಂಪಿನ ಜಾಗದಲ್ಲಿ ವ್ಯಕ್ತಿ ಬಂದದ್ದು ನಿಜವಾದ ಬದಲಾವಣೆಯೇ. ಆದರೂ ನಮ್ಮ ಭಾಗದ ಗಂಟಿಚೋರ ಸಮುದಾಯದ ಹುಡುಗನೊಬ್ಬ ಇಂದು ಜಾತಿ ಪ್ರಮಾಣಪತ್ರ ತೆಗೆಸಿದರೆ ಸರಕಾರಿ ಮೊಹರಿನ ಮೇಲೆಯೇ ‘ಚೋರ’ ಎಂಬ ಪದ ಇರುತ್ತದೆ. ಅದನ್ನು ಹಿಡಿದುಕೊಂಡು ಅವನು ನೌಕರಿಯ ಸಂದರ್ಶನಕ್ಕೆ ಹೋಗಬೇಕು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲು ಕೈಪಿಡಿಗಳಲ್ಲಿನ ಜಾತಿಭೇದವನ್ನು ಹೊಡೆದುಹಾಕಿತು. ಅಲೆಮಾರಿ, ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಕಾಣುವ ಸಾಲುಗಳು ಆ ಕೈಪಿಡಿಗಳಲ್ಲಿ ಅಲ್ಲಿಯವರೆಗೂ ಉಳಿದಿದ್ದವು! ಕಾಯ್ದೆ ಸತ್ತು ಎಪ್ಪತ್ತೆರಡು ವರ್ಷವಾಗಿತ್ತು.

ಹೊರದೇಶದ ಪ್ರಯೋಗವನ್ನೂ ನೋಡಬೇಕು, ಏಕೆಂದರೆ ‘ಮೂರನೇ ಸಲ ಸಿಕ್ಕರೆ ಜೀವನಪೂರ್ತಿ ಒಳಗ ಹಾಕ್ರಿ’ ಎಂಬ ಮಾತು ನಮ್ಮಲ್ಲೂ ಕೇಳಿಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ 1994ರಲ್ಲಿ ಅಂಥದ್ದೇ ಕಾನೂನು ಮಾಡಿತು. ಹಿಂದೆ ಎರಡು ಗಂಭೀರ ಅಪರಾಧ ಮಾಡಿದ್ದರೆ ಮೂರನೆಯದಕ್ಕೆ ಕನಿಷ್ಠ ಇಪ್ಪತ್ತೈದು ವರ್ಷದಿಂದ ಜೀವಾವಧಿ. ಗ್ಯಾರಿ ಯೂಯಿಂಗ್ ಎಂಬಾತ ಅಂಗಡಿಯಿಂದ ಕದ್ದದ್ದು ಮೂರು ಗಾಲ್ಫ್ ಕೋಲು, ಸಿಕ್ಕಿದ್ದು ಇಪ್ಪತ್ತೈದು ವರ್ಷದಿಂದ ಜೀವಾವಧಿಯವರೆಗಿನ ಶಿಕ್ಷೆ. 2003ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಐದು–ನಾಲ್ಕರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಆದರೆ 2012ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ಆ ಕಾನೂನನ್ನು ಸಡಿಲಿಸಿದರು. ಮೂರನೆಯದೂ ಗಂಭೀರ ಅಥವಾ ಹಿಂಸೆಯ ಅಪರಾಧವಾಗಿದ್ದರೆ ಮಾತ್ರ, ಕೆಲವು ವಿನಾಯಿತಿ ಬಿಟ್ಟರೆ, ಜೀವಾವಧಿ ಎಂದಾಯಿತು. ಕರುಣೆಯ ಜೊತೆಗೆ ಜೇಬಿನ ಪ್ರಶ್ನೆಯೂ ಇತ್ತು. ಕಳ್ಳತನ, ಹೊಡೆದಾಟ ಬಹುಮಟ್ಟಿಗೆ ಹರೆಯದವರ ಕೆಲಸ. ವಯಸ್ಸಾದಂತೆ ಅವು ತಾವಾಗಿಯೇ ಇಳಿಯುತ್ತವೆ. ಐವತ್ತು, ಅರವತ್ತು ದಾಟಿದವನನ್ನು ಒಳಗಿಟ್ಟು ಊಟ, ಔಷಧ, ಕಾವಲಿಗೆ ಖರ್ಚು ಮಾಡಿದಾಗ ತಡೆದ ಅಪರಾಧ ಕಡಿಮೆ, ಬಿಲ್ಲು ಮಾತ್ರ ದೊಡ್ಡದು. ಇನ್ನೊಂದು ಅಪಾಯವೂ ಇದೆ: ಕೋಲು ಕದ್ದರೂ ಅಷ್ಟೇ ಶಿಕ್ಷೆ, ಸಾಕ್ಷಿಯನ್ನು ಕೊಂದರೂ ಅಷ್ಟೇ ಶಿಕ್ಷೆ ಎಂದಾದರೆ ಸಿಕ್ಕಿಬಿದ್ದ ಕಳ್ಳನಿಗೆ ಕೊಲ್ಲದೇ ಬಿಡಲು ಕಾರಣವೇ ಉಳಿಯುವುದಿಲ್ಲ. ಶಿಕ್ಷೆಗೆ ಮೆಟ್ಟಿಲು ಇರಬೇಕಾದದ್ದು ಇದಕ್ಕೇ.

ನಮ್ಮ ಜೈಲುಗಳ ಸ್ಥಿತಿ ಬೇರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ. ಅಂದರೆ ನಮ್ಮಲ್ಲಿ ಜೈಲು ಬರುವುದು ತೀರ್ಪಿಗಿಂತ ಮುಂಚೆ. ಜಾಮೀನಿಗೆ ಹೊಲದ ಉತಾರ ಕೊಡುವವರಿದ್ದರೆ ಹೊರಗೆ, ಇಲ್ಲದಿದ್ದರೆ ಒಳಗೆ. ಹೊಸಬನೊಬ್ಬ ಮೂರು ತಿಂಗಳು ಹಿಂಡಲಗಾದಲ್ಲಿ ಹಳಬರ ಜೊತೆ ಕಳೆದು ಬಂದರೆ ಅಲ್ಲಿಂದ ಏನು ಕಲಿತು ಬಂದಾನು? ಐಟಿಐಯಲ್ಲಿ ಕಲಿಯದ ಒಂದೆರಡು ಕಸುಬುಗಳನ್ನು ಕಲಿತು ಬಂದರೆ ಆಶ್ಚರ್ಯವಿಲ್ಲ.

ಇಷ್ಟು ಹೇಳಿದಾಗ ‘ಕಳ್ಳರ ಪರ ವಕಾಲತ್ತು’ ಎಂದು ಯಾರಾದರೂ ಅಂದಾರು. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲೋ ಗೊಡಚಿಯ ಜಾತ್ರೆಯಲ್ಲೋ ಮುದುಕಿಯ ಕೊರಳಿನ ಸರ ಕಿತ್ತು ಓಡುವವನ ಪರ ನನಗೆ ಮಾತಿಲ್ಲ. ಗುಂಪು ಕಟ್ಟಿಕೊಂಡು ಇದನ್ನೇ ಕಸುಬಾಗಿ ಮಾಡುವವರಿದ್ದಾರೆ, ಅವರಿಗೆ ಕಲಮು 13ರ ಪೂರ್ತಿ ಭಾರ ಬೀಳಲಿ. ಬೀಳಬೇಕೆಂದರೆ ಅವರ ಮೊದಲ ಕೇಸು ಮುಗಿಯಬೇಕು. ತಾಲ್ಲೂಕು ನ್ಯಾಯಾಲಯದಲ್ಲಿ ಸಣ್ಣ ಕಳ್ಳತನದ ಕೇಸು ಆರು ತಿಂಗಳಲ್ಲಿ ಮುಗಿದರೆ ಎರಡೂ ಕಡೆ ಲಾಭ. ನಿಜವಾದ ಕಳ್ಳನಿಗೆ ಎರಡನೇ ಸಲದ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಸಿಕ್ಕಿಹಾಕಿಕೊಂಡ ಹುಡುಗನಿಗೆ ಬಿಡುಗಡೆಯೋ ಶಿಕ್ಷೆಯೋ ಒಂದು ಕೊನೆ ಕಾಣುತ್ತದೆ. ಹೊಸ ಕಾನೂನು ಬೇಡ, ಬೇಕಾದದ್ದು ಖಾಲಿ ಬಿದ್ದ ಹುದ್ದೆಗಳಿಗೆ ನೇಮಕಾತಿ, ಸಾಕ್ಷಿ ಹೇಳಲು ಬಂದವನನ್ನು ನಾಲ್ಕು ಸಲ ಹಿಂದೆ ಕಳಿಸದ ಶಿಸ್ತು. ಇದಕ್ಕೆ ಹಣ ಬೇಕು, ಹೌದು. ಜೈಲಿಗೂ ಬೇಕು.

ಮೊದಲ ಸಲದವರಿಗೆ ಬೇರೆ ದಾರಿಯೂ ಕಾನೂನಿನಲ್ಲೇ ಇದೆ. 1958ರ ಪ್ರೊಬೇಶನ್ ಕಾಯ್ದೆಯಲ್ಲಿ ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು, ಇಲ್ಲವೇ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಅದರ 12ನೇ ಕಲಮಿನ ಪ್ರಕಾರ ಹಾಗೆ ಬಿಟ್ಟವನಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟಬಾರದು. ನನ್ನ ಮಟ್ಟಿಗೆ ಇಡೀ ಕಾಯ್ದೆಯ ಜೀವ ಈ ಕಲಮಿನಲ್ಲಿದೆ, ಆದರೆ ವೆರಿಫಿಕೇಶನ್ ಮೇಜಿನ ಹಿಂದೆ ಕೂತವರು ಅದನ್ನು ಓದಿರಬೇಕಲ್ಲ. ರೌಡಿ ಶೀಟಿಗೂ ಇಂಥದ್ದೊಂದು ಕೊನೆಯ ದಿನ ಬೇಕು. ಇಷ್ಟು ವರ್ಷ ಹೊಸ ಕೇಸು ಇಲ್ಲದಿದ್ದರೆ ಹೆಸರು ತಾನಾಗಿಯೇ ಇಳಿಯಬೇಕು. ಯಾವ ಸಾಹೇಬರ ಕಾಲಿಗೂ ಬೀಳದೆ, ಯಾವ ಪುಢಾರಿಯ ಚೀಟಿಯೂ ಇಲ್ಲದೆ. ನಡತೆಗೆ ಬೆಲೆ ಸಿಗುತ್ತದೆಂದು ಗೊತ್ತಾದರೆ ನಡತೆ ಕಾಪಾಡಿಕೊಳ್ಳಲು ಅವನಿಗೂ ಒಂದು ಕಾರಣ ಸಿಕ್ಕೀತು.

ಹೊಸ ಸಂಹಿತೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಸಮುದಾಯ ಸೇವೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳ್ಳತನ, ಮೊದಲ ಸಲ ಶಿಕ್ಷೆಯಾಗುತ್ತಿರುವವ, ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದ್ದಾನೆ ಎಂದಾದರೆ ಜೈಲಿನ ಬದಲು ಊರಿಗೆ ಉಪಯೋಗವಾಗುವ, ಕೂಲಿಯಿಲ್ಲದ ಕೆಲಸ. (ಇಂದು ಐದು ಸಾವಿರಕ್ಕೆ ಯಾವ ಮೊಬೈಲು ಬರುತ್ತದೆ ಎಂದು ಕೇಳಬೇಡಿ. ಆ ಮಿತಿ ಸ್ವಲ್ಪ ಏರಿದ್ದರೆ ಚೆನ್ನಾಗಿತ್ತು.) ಕೇಬಲ್ ಕದ್ದವನು ರೈತನಿಗೆ ಕೇಬಲ್ಲಿನ ಬೆಲೆ ಕೊಟ್ಟು, ಎಲ್ಲರ ಕಣ್ಣೆದುರು ಒಂದು ತಿಂಗಳು ಕೆಲಸ ಮಾಡಿ ಮನೆಗೆ ಹೋದರೆ ರೈತನಿಗೆ ನಷ್ಟ ತುಂಬಿತು, ಸರಕಾರಕ್ಕೆ ಜೈಲಿನ ಊಟದ ಖರ್ಚು ಉಳಿಯಿತು, ಹುಡುಗನಿಗೆ ಹಳಬರ ಸಹವಾಸ ತಪ್ಪಿತು.

ಆದರೆ ಯಾವ ಕೆಲಸ, ಎಲ್ಲಿ, ಯಾರ ಉಸ್ತುವಾರಿಯಲ್ಲಿ? ಸಂಹಿತೆ ಅದನ್ನು ಹೇಳುವುದಿಲ್ಲ. ನ್ಯಾಯಾಧೀಶರು ಆದೇಶ ಬರೆಯಲು ಮುಂದಾದರೂ ಕಳಿಸಲು ಜಾಗ ಬೇಕು. ನಮ್ಮ ತಾಲ್ಲೂಕಿನಲ್ಲಿ ಜಾಗಕ್ಕೇನು ಕೊರತೆ? 2019ರ ಪ್ರವಾಹದ ಮಲಪ್ರಭೆಯನ್ನು ಕಂಡ ಹಳ್ಳಿಗಳಲ್ಲಿ ಹೂಳು ತುಂಬಿದ ಗಟಾರಗಳಿವೆ, ಗೊಡಚಿಯ ಜಾತ್ರೆ ಮುಗಿದ ಮರುದಿನದ ಬಯಲಿದೆ, ಬಣ್ಣ ಕಾಣದ ಸರಕಾರಿ ಶಾಲೆಗಳಿವೆ, ಆಸ್ಪತ್ರೆಯ ಆವರಣವಿದೆ. ಪುರಸಭೆ, ಪಂಚಾಯಿತಿಗಳು ಇಂಥ ಕೆಲಸಗಳ ಒಂದು ಪಟ್ಟಿ ಮಾಡಿ ನ್ಯಾಯಾಲಯಕ್ಕೆ ಕೊಟ್ಟರೆ ಅರ್ಧ ಕೆಲಸವಾಯಿತು. ಉಳಿದರ್ಧ, ಬೆಳಿಗ್ಗೆ ಒಂಬತ್ತಕ್ಕೆ ಆ ಹುಡುಗ ಬಂದನೇ ಎಂದು ನೋಡಿ ಪುಸ್ತಕದಲ್ಲಿ ಸಹಿ ಮಾಡುವವರು ಒಬ್ಬರು ಬೇಕು, ಮತ್ತು ಮೂವತ್ತನೇ ದಿನ ಆ ಪುಸ್ತಕ ಮುಚ್ಚಬೇಕು.